‘ರೀ, ಗೊಂಬೆ ಕೂರ್ಸಿದ್ದೀರಾ?’ ಇಂದ ಕ್ಯಾಂಡಿ ಕೂಪನ್‌ವರೆಗೆ

ದೆಹಲಿ ಕಡೆ ಕುಂಬಳಕಾಯಿಗೆ ಸೀತಾಫಲ ಅನ್ನುತ್ತಾರೆ. 2008ರಲ್ಲಿ ನೋಯ್ಡಾಕ್ಕೆ ಬಂದ ಹೊಸತರಲ್ಲಿ ಇದು ಗೊತ್ತಿಲ್ಲದೆ ತಳ್ಳುಗಾಡಿಯವನ ಹತ್ತಿರ ಅರ್ಧ ಕಿಲೋ ಸೀತಾಫಲ ಕೇಳಿದ್ದೆ. ಅವನು ಒಂದು ಹೋಳು ಕುಂಬಳಕಾಯಿ ಕತ್ತರಿಸಿ ಕೈಗಿಟ್ಟಾಗ ಪೆಚ್ಚಾಗಿ ನಿಂತಿದ್ದೆ. ಅದೇ ಸೀತಾಫಲಕ್ಕೆ ಕಣ್ಣು, ಮೂಗು, ಹಲ್ಲು ಕೊರೆದು, ಒಳಗೆ ಬ್ಯಾಟರಿ ದೀಪ ಇಟ್ಟು ಸೊಸೈಟಿಯ ಲಾಬಿಯಲ್ಲಿ ಸಾಲಾಗಿ ಜೋಡಿಸುವ ದಿನ ಬರುತ್ತದೆಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಜೋಡಿಸುವವರಲ್ಲಿ ನಾನೂ ಒಬ್ಬ ಎಂದಿದ್ದರಂತೂ ನಕ್ಕುಬಿಡುತ್ತಿದ್ದೆ. ಕುಂಬಳಕಾಯಿ ಎಂದರೆ ನಮ್ಮ ಮನೆಯಲ್ಲಿ ಒಂದೋ ಹುಳಿಗೆ, ಬೂದುಗುಂಬಳವಾದರೆ ಆಯುಧಪೂಜೆಯ ದಿನ ಸ್ಕೂಟರ್ ಮುಂದೆ ಒಡೆಯಲಿಕ್ಕೆ.

ಈಗ ನಾನು ಸೊಸೈಟಿಯ ಸಾಂಸ್ಕೃತಿಕ ಸಮಿತಿಯಲ್ಲಿದ್ದೇನೆ. ಪ್ರಾಜೆಕ್ಟ್ ಮ್ಯಾನೇಜರ್ ಅಂದಮೇಲೆ ಎಕ್ಸೆಲ್ ಶೀಟು ನಿಮ್ಮದೇ ಅಂತ ಕೊರಳಿಗೆ ಕಟ್ಟಿದರು. ಅಕ್ಟೋಬರ್ 31ರ ಸಂಜೆ ಮಧ್ಯದ ಹುಲ್ಲುಹಾಸಿನ ಮೇಲೆ ಹನ್ನೆರಡು ಮೇಜು. ಪ್ರತಿ ಮೇಜಿನ ಹಿಂದೆ ಇಬ್ಬರು ಸ್ವಯಂಸೇವಕರು. ಮಗುವಿನ ಕೈಗೆ ಹನ್ನೆರಡು ಚೌಕದ ಒಂದು ಕಾರ್ಡು. ಒಂದು ಮೇಜು, ಒಂದು ಚಾಕಲೇಟು, ಒಂದು ಸೀಲು. ಪ್ರಾಯೋಜಕರು ಹತ್ತಿರದ ಒಂದು ಹಲ್ಲಿನ ಕ್ಲಿನಿಕ್ಕಿನವರು. ಈ ತಮಾಷೆ ನಮಗೆ ಯಾರಿಗೂ ಬ್ಯಾನರ್ ಕಟ್ಟುವವರೆಗೆ ಹೊಳೆಯಲಿಲ್ಲ. ತೊಂಬತ್ತು ನಿಮಿಷದಲ್ಲಿ ಎಲ್ಲ ಮುಗಿದು, ಲಾನ್ ಗುಡಿಸಿ, ಮೇಜು ವಾಪಸ್ಸು ಕಳಿಸಿ, ಮನೆಗೆ ಬಂದು ಮಾರನೆಯ ಬೆಳಗಿನ ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು ಹುಡುಕುತ್ತಿದ್ದೆ. ಮಾಟಗಾತಿಯ ಟೋಪಿ ಇನ್ನೂ ತಲೆಯ ಮೇಲಿದ್ದ ಮಗಳು ಕೇಳಿದಳು: “ಅಪ್ಪ, ಇವತ್ತು ನಾವು ಯಾರ ಮನೆಗೂ ಹೋಗಲೇ ಇಲ್ವಲ್ಲ?”

ಹೌದಲ್ಲ ಅನ್ನಿಸಿತು. ಆ ಪ್ರಶ್ನೆ ನನ್ನನ್ನು ಒಂದಷ್ಟು ಓದುವ ಹಾಗೆ ಮಾಡಿತು. ಮಕ್ಕಳು ಮನೆ ಮನೆ ಬಾಗಿಲಿಗೆ ಹೋಗಿ ತಿನಿಸು ಕೇಳುವ ಈ ಪದ್ಧತಿ ಎಲ್ಲಿಂದ ಬಂತು, ಬಾಗಿಲು ಬಿಟ್ಟು ಬಯಲಿಗೆ ಯಾಕೆ ಬಂತು? ಅಮೆರಿಕದ ಕಥೆ ಎಂದು ಓದಲು ಕೂತವನಿಗೆ ಅರ್ಧ ದಾರಿಯಲ್ಲಿ ಮೈಸೂರು ಎದುರಾಯಿತು.

ಮೊದಲು ಅಲ್ಲಿನದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ನವೆಂಬರ್ 2 ಸತ್ತವರ ಆತ್ಮಗಳ ದಿನ. ಆ ಹೊತ್ತಿಗೆ ಬಡವರು ಮನೆ ಮನೆಗೆ ಹೋಗಿ ‘ಆತ್ಮದ ರೊಟ್ಟಿ’ ಕೇಳುತ್ತಿದ್ದರು. ಕೊಟ್ಟ ಮನೆಯ ಸತ್ತವರ ಪರವಾಗಿ ಪ್ರಾರ್ಥಿಸುವುದು ಅದರ ಬೆಲೆ. ನಮ್ಮ ಪಿತೃಪಕ್ಷದ ದೂರದ ನೆಂಟ ಅನ್ನಬಹುದು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನಲ್ಲಿ ಮಕ್ಕಳು ಮುಖಕ್ಕೆ ಮಸಿ ಬಳಿದುಕೊಂಡು, ಹಳೆ ಬಟ್ಟೆ ತೊಟ್ಟು ವೇಷ ಹಾಕಿ ಹೊರಡುತ್ತಿದ್ದರು. ಅಲ್ಲಿ ಸುಮ್ಮನೆ ಕೈಯೊಡ್ಡುವ ಹಾಗಿರಲಿಲ್ಲ. ಒಂದು ಹಾಡು, ಒಂದು ಪದ್ಯ, ಕೊನೆಗೆ ಒಂದು ನಗೆಚಟಾಕಿಯಾದರೂ ಹೇಳಬೇಕು. ಆಮೇಲೆ ಸೇಬು, ಕಾಯಿಬೀಜ, ಚಿಲ್ಲರೆ ಕಾಸು.

ವಲಸಿಗರೊಂದಿಗೆ ಇದು ಅಟ್ಲಾಂಟಿಕ್ ದಾಟಿದಾಗ ಹಾಡು ಹಿಂದೆ ಬಿತ್ತು, ತುಂಟತನ ಮುಂದೆ ಬಂತು. ಹುಡುಗರ ದಂಡು ರಾತ್ರಿ ಹೊತ್ತು ಬೇಲಿಯ ಗೇಟು ಕಿತ್ತು ಒಯ್ಯುವುದು, ಹಿತ್ತಲ ಕಕ್ಕಸು ಮಗುಚುವುದು, ದನ ಬಿಚ್ಚಿ ಬೀದಿಗೆ ಬಿಡುವುದು. ಇದರಿಂದ ಬೇಸತ್ತ ಮಿನ್ನೆಸೋಟ ರಾಜ್ಯದ ಅನೋಕ ಎಂಬ ಊರಿನವರು 1920ರಲ್ಲಿ ಊರ ಮಧ್ಯೆ ಮೆರವಣಿಗೆ ಏರ್ಪಡಿಸಿ, ಮಕ್ಕಳನ್ನು ಅಲ್ಲಿಗೆ ಕರೆದು ತಿನಿಸು ಹಂಚಿದರು. ಅಂದರೆ ನಮ್ಮ ಲಾನಿನ ಹನ್ನೆರಡು ಮೇಜಿಗೆ ನೂರು ವರ್ಷ ಹಳೆಯ ಅಜ್ಜ ಇದ್ದಾನೆ. ‘ಕೊಡ್ತೀರೋ, ಕಿತಾಪತಿ ಮಾಡಲೋ’ ಎಂಬ ಅರ್ಥದ ಆ ಪ್ರಸಿದ್ಧ ಮಾತು ಕೆನಡಾದ ಪತ್ರಿಕೆಗಳಲ್ಲಿ ಕಾಣತೊಡಗಿದ್ದೂ ಸುಮಾರು ಅದೇ ಕಾಲದಲ್ಲಿ, 1920ರ ದಶಕದ ಆಸುಪಾಸು. ನಾವು ಸಾಂಪ್ರದಾಯಿಕ ಎಂದುಕೊಳ್ಳುವ ಮನೆಮನೆ ಸುತ್ತಾಟವೇ ಬಹುಮಟ್ಟಿಗೆ ಹುಡುಗರ ಹಾವಳಿಗೆ ದೊಡ್ಡವರು ಹುಡುಕಿಕೊಂಡ ಒಪ್ಪಂದ. ಒಂದು ಮುಷ್ಟಿ ಸಿಹಿ ತಗೊಳ್ಳಿ, ಗೇಟು ಬಿಟ್ಟುಬಿಡಿ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ಸಕ್ಕರೆಗೆ ರೇಷನ್ ಬಂತು, 1942ರಿಂದ 1947ರವರೆಗೆ. ರೇಷನ್ ಎದ್ದ ಕೂಡಲೇ ಹೊಸ ಬಡಾವಣೆಗಳು, ತುಂಬಿದ ಮಕ್ಕಳು, ಚಾಕಲೇಟು ಕಂಪನಿಗಳ ಜಾಹೀರಾತು ಎಲ್ಲ ಸೇರಿ ಹಬ್ಬ ದೇಶವ್ಯಾಪಿಯಾಯಿತು. 1950ರಲ್ಲಿ ಫಿಲಡೆಲ್ಫಿಯ ಕಡೆಯ ಮಕ್ಕಳು ಇದೇ ಸುತ್ತಾಟದಲ್ಲಿ ಯುನಿಸೆಫ್‌ಗೆ ಕಾಸು ಕೂಡಿಸಿದರು. ಆ ಪದ್ಧತಿ ಇವತ್ತಿಗೂ ಇದೆ.

ಆಮೇಲೆ ಭಯ ಬಂತು. 1974ರ ಹ್ಯಾಲೋವೀನ್ ರಾತ್ರಿ ಟೆಕ್ಸಾಸಿನಲ್ಲಿ ಎಂಟು ವರ್ಷದ ಹುಡುಗನೊಬ್ಬ ಸೈನೈಡ್ ಬೆರೆಸಿದ ಮಿಠಾಯಿ ಪುಡಿ ತಿಂದು ಸತ್ತ. ಇಡೀ ದೇಶ ಅಪರಿಚಿತ ವಿಷಗಾರನನ್ನು ಹುಡುಕಿತು. ವಿಷ ಹಾಕಿದ್ದವನು ಮಗುವಿನ ಸ್ವಂತ ತಂದೆ, ವಿಮೆಯ ದುಡ್ಡಿಗಾಗಿ. ಸತ್ಯ ಹೊರಬಂದು ಶಿಕ್ಷೆಯಾದರೂ ಜನರ ಮನಸ್ಸಿನಲ್ಲಿ ಉಳಿದದ್ದು ಅಪರಿಚಿತನೇ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಟೈಲಿನಾಲ್ ಮಾತ್ರೆಗಳಲ್ಲಿ ಸೈನೈಡ್ ತುಂಬಿ ಏಳು ಜನ ಸತ್ತರು. ಹ್ಯಾಲೋವೀನ್‌ಗೆ ಇನ್ನು ಒಂದು ತಿಂಗಳಿತ್ತು. ಆ ಕಾಲದಲ್ಲಿ ಕೆಲವು ಆಸ್ಪತ್ರೆಗಳು ಮಕ್ಕಳ ಮಿಠಾಯಿ ಚೀಲವನ್ನು ಎಕ್ಸ್-ರೇ ಮಾಡಿ ಕೊಟ್ಟವು.

ಜೋಯಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದೀಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿ 1985ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹ್ಯಾಲೋವೀನ್ ದಿನ ಅಪರಿಚಿತರು ಕೊಟ್ಟ ತಿನಿಸಿನಿಂದ ಮಗುವೊಂದು ಸತ್ತ ಅಥವಾ ಗಂಭೀರವಾಗಿ ಗಾಯಗೊಂಡ ಪ್ರಕರಣ ಅವರಿಗೆ ಒಂದೂ ಸಿಗಲಿಲ್ಲ. ಆದರೆ ಭಯಕ್ಕೆ ಪುರಾವೆ ಬೇಕಿಲ್ಲವಲ್ಲ. ಮಾಲುಗಳು ಮಕ್ಕಳನ್ನು ಅಂಗಡಿಯಿಂದ ಅಂಗಡಿಗೆ ಸುತ್ತಿಸಿದವು. 1990ರ ದಶಕದಲ್ಲಿ ಚರ್ಚು, ಶಾಲೆಗಳ ಪಾರ್ಕಿಂಗ್ ಜಾಗದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಅದನ್ನೇ ಜೇಡರ ಬಲೆ, ಅಸ್ಥಿಪಂಜರಗಳಿಂದ ಸಿಂಗರಿಸಿ ಮಿಠಾಯಿ ಹಂಚುವ ರೂಢಿ ಬಂತು. ನನ್ನ ಕ್ಲೈಂಟ್ ಕಡೆಯ ಒಬ್ಬಾಕೆ ಪ್ರತಿ ವರ್ಷ ತನ್ನ ಡಿಕ್ಕಿಯ ಫೋಟೋ ಕಳಿಸುತ್ತಾಳೆ. ಬಹಳ ಚೆನ್ನಾಗಿರುತ್ತದೆ. ಒಂದು ಸಲ ಅವಳ ಮನೆಯ ಫೋಟೋ ಕೇಳಬೇಕೆನ್ನಿಸಿ ಸುಮ್ಮನಾದೆ.

ಇಷ್ಟು ಓದುವ ಹೊತ್ತಿಗೆ ನನ್ನ ತಲೆಯೊಳಗೆ ಚಾಮುಂಡಿಪುರಂನ ಬೀದಿ ಓಡಾಡತೊಡಗಿತ್ತು.

ಎಂಬತ್ತರ ದಶಕದ ಕೊನೆ. ನವರಾತ್ರಿಯ ಸಂಜೆ ಐದೂವರೆಗೆಲ್ಲ ಹಾಲು ಕುಡಿದು, ಮುಖ ತೊಳೆದು, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು ಹೊರಟರೆ ನಾವು ಏಳೆಂಟು ಜನ. ಮೊದಲ ಗೇಟಿನ ಚಿಲಕ ತೆಗೆದು ಒಟ್ಟಾಗಿ ಕೂಗು: “ರೀ, ಗೊಂಬೆ ಕೂರ್ಸಿದ್ದೀರಾ?” ಒಳಗಿನಿಂದ ಬನ್ರೋ ಎಂದರೆ ನುಗ್ಗುವುದು. ಇಲ್ಲ ಕಣ್ರೋ ಎಂದರೆ ಮುಂದಿನ ಮನೆ. ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ. ಮೇಲೆ ಪಟ್ಟದ ಗೊಂಬೆಗಳು. ರಾಜ ರಾಣಿ, ಮದುವೆಯಲ್ಲಿ ತವರಿನಿಂದ ಬಂದವು. ಕೆಳಗೆ ಚನ್ನಪಟ್ಟಣದ ಮರದ ಸೈನಿಕರು, ಸೆಟ್ಟಿ ದಂಪತಿಯ ಅಂಗಡಿ, ರಾಗಿಯ ಪೈರು ಎಬ್ಬಿಸಿ ಮಾಡಿದ ಪಾರ್ಕು, ಕನ್ನಡಿಯ ಕೊಳದಲ್ಲಿ ಪ್ಲಾಸ್ಟಿಕ್ ಬಾತು. ನೋಡಿ ಮುಗಿದ ಮೇಲೆ ಬೊಂಬೆ ಬಾಗಿನ. ರವೆ ಉಂಡೆಯೋ, ಕೊಬ್ಬರಿ ಮಿಠಾಯಿಯೋ, ಕೋಡುಬಳೆಯೋ, ಕಡಲೆಕಾಳು ಉಸಲಿಯೋ, ಕೈಗೆ ಬಂದದ್ದು. ಯಾವ ಮನೆಯಲ್ಲಿ ಇವತ್ತು ಏನು ಎಂಬ ಸುದ್ದಿ ಬೀದಿಯಲ್ಲಿ ನಮ್ಮ ಮುಂದೆಯೇ ಓಡುತ್ತಿತ್ತು. ಮೂಲೆಮನೆಯವರು ದಿನಾ ಪೆಪ್ಪರ್‌ಮಿಂಟು. ಅಲ್ಲಿಗೆ ಕೊನೆಯಲ್ಲಿ.

ಆದರೆ ಬಾಗಿನ ಪುಕ್ಕಟೆ ಇರಲಿಲ್ಲ. ನಾಲ್ಕನೆಯ ಮನೆಯ ಅಜ್ಜಿಗೆ ಪ್ರತಿಯೊಬ್ಬರೂ ಏನಾದರೂ ಒಪ್ಪಿಸಬೇಕು. ಹುಡುಗಿಯರು ದೇವರನಾಮ ಹೇಳಿ ಪಾರಾಗುತ್ತಿದ್ದರು. ನನಗೆ ಬರುತ್ತಿದ್ದದ್ದು ಹದಿಮೂರರ ಮಗ್ಗಿ ಒಂದೇ. ಹೇಳಿದೆ. ಅಜ್ಜಿ ಅದಕ್ಕೂ ತಲೆದೂಗಿ ಎರಡು ಚಕ್ಕುಲಿ ಕೊಟ್ಟರು. ಸ್ಕಾಟ್ಲೆಂಡಿನ ಮಸಿಮುಖದ ಹುಡುಗನಿಗೂ ನನಗೂ ನಡುವೆ ಇದೊಂದು ಲೆಕ್ಕ ಸಮ: ಹೊಸ್ತಿಲಲ್ಲಿ ನಿಂತು, ನಾಚಿಕೆ ನುಂಗಿ, ಬೇರೆಯವರ ಮುಂದೆ ಏನೋ ಒಂದು ಮಾಡಿ ತೋರಿಸಿ ಗಳಿಸಿದ್ದು. ಗಣೇಶನ ಹಬ್ಬದಲ್ಲಿ “ಗಣಪತಿ ಕೂರ್ಸಿದ್ದೀರಾ” ಎಂದು ಇಪ್ಪತ್ತೊಂದೋ ನೂರೆಂಟೋ ಗಣಪತಿ ನೋಡುವ ಪಣ ತೊಟ್ಟು ಊರೆಲ್ಲ ಅಲೆದದ್ದು, ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಹೋದದ್ದು ಎಲ್ಲ ಇದೇ ಕುಟುಂಬದವು. ಎಳ್ಳು ಬೀರುವುದರಲ್ಲಂತೂ ಮಗುವೇ ಕೊಡುವುದು, ಮಗುವೇ ತರುವುದು.

ಇಲ್ಲಿ ಒಂದು ಮಾತು ಸೇರಿಸದಿದ್ದರೆ ನಾನು ಸುಳ್ಳು ಚರಿತ್ರೆ ಬರೆದ ಹಾಗೆ. ನಮ್ಮ ಬೀದಿಯ ಆ ತೆರೆದ ಬಾಗಿಲು ಎಲ್ಲರಿಗೂ ಒಂದೇ ಸಮ ತೆರೆದಿರಲಿಲ್ಲ. ಹೂವು ಕೊಡುವಾಕೆಯ ಮಗಳೂ ನಮ್ಮ ದಂಡಿನಲ್ಲಿರುತ್ತಿದ್ದಳು. ಕೆಲವು ಮನೆಗಳಲ್ಲಿ ಅವಳು ಗೇಟಿನ ಹತ್ತಿರವೇ ನಿಲ್ಲುತ್ತಿದ್ದಳು. ನಿಲ್ಲು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ಅವಳಿಗೆ ಗೊತ್ತಿತ್ತು. ನಾವು ಹೊರಬರುವಾಗ ಪೇಪರಿನಲ್ಲಿ ಕಟ್ಟಿದ ಉಸಲಿ ಅವಳಿಗೆ ಅಲ್ಲಿಗೇ ಬರುತ್ತಿತ್ತು. ತಿನಿಸು ಒಂದೇ, ಗೊಂಬೆ ನೋಡಿದವರು ನಾವು ಮಾತ್ರ. ಇದು ನನಗೆ ನೆನಪಾದದ್ದೇ ಕಳೆದ ವರ್ಷ.

ಇನ್ನೂ ಹಿಂದಕ್ಕೆ ಹೋದರೆ ಮನೆ ಮನೆ ಬೇಡುವುದು ಮಕ್ಕಳಾಟವಾಗಿರಲೂ ಇಲ್ಲ. ಸರ್ಕಾರಿ ಶಾಲೆಗಳು ಬರುವ ಮೊದಲು ಊರೂರಲ್ಲಿ ಕೂಲಿಮಠ, ಐಗಳ ಮಠ ಇದ್ದವು. ಮೇಷ್ಟ್ರಿಗೆ ತಿಂಗಳ ಸಂಬಳ ಎಂಬುದಿಲ್ಲ. ಮಹಾನವಮಿ ಬಂದಾಗ ಅಯ್ಯಗಳು ಮಕ್ಕಳಿಗೆ ಚೌಪದ ಕಲಿಸಿ, ಕೈಗೆ ಬಣ್ಣದ ಕೋಲು ಕೊಟ್ಟು ಮನೆ ಮನೆ ಮುಂದೆ ಹಾಡಿಸುತ್ತಿದ್ದರು. ಆ ಮನೆಗೆ ಒಳ್ಳೆಯದಾಗಲಿ ಎಂದು ಹಾಡು, ಅದಕ್ಕೆ ಪ್ರತಿಯಾಗಿ ಅಯ್ಯಗಳಿಗೆ ದುಡ್ಡು, ದವಸ, ಬಟ್ಟೆ. ಮಕ್ಕಳಿಗೆ ತಿನ್ನಲು ಏನಾದರೂ. ತೆಲುಗು ನಾಡಿನಲ್ಲೂ ದಸರೆಗೆ ಇದೇ ಪದ್ಧತಿ, ಅಲ್ಲಿ ಮಕ್ಕಳ ಪಾಲು ಹುರಿಗಡಲೆ ಬೆಲ್ಲ. ಊರಿನವರು ವರ್ಷಕ್ಕೊಮ್ಮೆ ತಮ್ಮ ಮಕ್ಕಳು ಏನು ಕಲಿತರು ಎಂದು ತಮ್ಮ ಜಗುಲಿಯಲ್ಲೇ ಪರೀಕ್ಷಿಸಿ ಫೀಸು ಕಟ್ಟುತ್ತಿದ್ದರು ಎಂದು ನಾನು ಓದಿಕೊಳ್ಳುತ್ತೇನೆ. ನನ್ನ ವೃತ್ತಿಯಲ್ಲಿ ಇದಕ್ಕೆ ಡೆಮೋ ಅನ್ನುತ್ತಾರೆ.

ಎಂ.ಟೆಕ್. ಓದಿದ್ದು ಸುರತ್ಕಲ್‌ನಲ್ಲಿ. ಅಲ್ಲಿನ ನವರಾತ್ರಿ ಬೇರೆಯೇ ಲೋಕ. ಮಾರ್ನೆಮಿಗೆ ಹುಲಿ, ಸಿಂಹ, ಕರಡಿ ವೇಷಗಳು ತಾಸೆಯ ಸದ್ದಿನೊಂದಿಗೆ ಅಂಗಡಿ ಅಂಗಡಿ, ಮನೆ ಮನೆಗೆ ಬರುತ್ತಿದ್ದವು. ಹಾಸ್ಟೆಲಿನ ಗೆಳೆಯನೊಬ್ಬ ಕೋಟದ ಕಡೆಯವನು. ಅವನು ಹುಡುಗನಾಗಿದ್ದಾಗ ‘ಹೂವಿನ ಕೋಲು’ ಹೋದವನು. ನವರಾತ್ರಿಯಲ್ಲಿ ಹೂ ಸುತ್ತಿದ ಕೋಲು ಹಿಡಿದ ಹುಡುಗರು ಭಾಗವತರು, ಮದ್ದಳೆಯವರ ಜೊತೆ ಮನೆಗೆ ಬಂದು, ಚಾವಡಿಯಲ್ಲಿ ಎದುರುಬದುರು ಕೂತು ಯಕ್ಷಗಾನದ ಪ್ರಸಂಗವೊಂದರ ಅರ್ಥ ಹೇಳುವುದು. ವೇಷ ಕಟ್ಟುವ ಮೊದಲು ಎಷ್ಟೋ ಕಲಾವಿದರು ಮಾತು ಕಲಿತದ್ದು ಹೀಗೆ, ಅಕ್ಕಿ ತೆಂಗಿನಕಾಯಿ ಕಾಣಿಕೆಗೆ. ಸಾಗರದವನು ಇನ್ನೊಬ್ಬನಿದ್ದ. ಅವನ ಕಥೆ ಬೂರೆಗಳವಿನದು: ದೀಪಾವಳಿಯ ರಾತ್ರಿ ಹುಡುಗರು ಊರವರ ತೋಟ, ಹಿತ್ತಲಿಗೆ ನುಗ್ಗಿ ಎಳನೀರು, ತರಕಾರಿ ಕದಿಯುವುದು, ಮನೆಯವರು ಬೈದರೂ ದೂರು ಕೊಡದಿರುವುದು. ಕಾಮನ ಹಬ್ಬಕ್ಕೆ ಸೌದೆ, ಬೆರಣಿ, ಹಳೆ ಬಾಗಿಲು ಕದ್ದವರು ನಮ್ಮಲ್ಲೂ ಬೇಕಾದಷ್ಟು ಜನ. ಅನೋಕದವರು ಮೆರವಣಿಗೆ ಮಾಡಿ ಪಳಗಿಸಲು ಹೊರಟದ್ದು ಇದನ್ನೇ. ವೇಷದಲ್ಲೂ ಎಲ್ಲವೂ ಮುಗ್ಧವಲ್ಲ. ಕರಾವಳಿಯಲ್ಲಿ ಹಬ್ಬದ ಹೆಸರಲ್ಲಿ ಕೊರಗ ಸಮುದಾಯದವರನ್ನು ಅಣಕಿಸುವ ವೇಷ ನಡೆದೇ ಇತ್ತು. ಅಜಲು ಪದ್ಧತಿಯ ನಿಷೇಧಕ್ಕೆ 2000ದಲ್ಲಿ ಕಾನೂನೇ ಬರಬೇಕಾಯಿತು.

ಮೈಸೂರಿನ ಬೀದಿಯಲ್ಲಿ ಈಗ ಆ ಕೂಗು ಕಡಿಮೆ. ಯಾರೂ ನಿಲ್ಲಿಸಲಿಲ್ಲ, ವಿಷದ ಸುದ್ದಿಯೂ ಹಬ್ಬಲಿಲ್ಲ. ಟ್ಯೂಷನ್, ಟೀವಿ, ಮನೆಗೊಂದೇ ಮಗು, ಎರಡು ಬೀಗ. ಗೊಂಬೆ ನೋಡಬೇಕೆಂದರೆ ಅರಮನೆಯ ಗೊಂಬೆ ತೊಟ್ಟಿ ಇದೆ, ನಜರ್‌ಬಾದಿನ ಬೊಂಬೆ ಮನೆಯ ಪ್ರದರ್ಶನ ಇದೆ. ನಮ್ಮಮ್ಮ ಇನ್ನೂ ಕೂರಿಸುತ್ತಾಳೆ. ನೋಡಲು ಬರುವವರು ಮೊದಲು ಫೋನ್ ಮಾಡುತ್ತಾರೆ.

ಇನ್ನು ನೋಯ್ಡಾ. ಇಲ್ಲಿಗೆ ಹ್ಯಾಲೋವೀನ್ ಬರುವ ಮೊದಲು ಬಾಗಿಲು ತಟ್ಟುವ ಮಕ್ಕಳೇ ಇರಲಿಲ್ಲವೆಂದು ನಾನು ತಿಳಿದಿದ್ದೆ. ನಮ್ಮ ಆಫೀಸಿನ ಕ್ಯಾಬ್ ಓಡಿಸುತ್ತಿದ್ದ ಮಥುರಾ ಕಡೆಯ ಡ್ರೈವರ್ ಭೈಯಾ ಅದನ್ನು ಸರಿಮಾಡಿದರು. ಬ್ರಜ್ ಪ್ರಾಂತ್ಯದಲ್ಲಿ, ಆಗ್ರಾ, ಮಥುರಾ, ಇಟಾವಾ ಕಡೆಯೆಲ್ಲ ದಸರೆಯಿಂದ ಶರದ್ ಹುಣ್ಣಿಮೆಯವರೆಗೆ ಗಂಡುಹುಡುಗರು ಟೇಸು, ಹೆಣ್ಣುಹುಡುಗಿಯರು ಝಾಂಝಿ ಹಿಡಿದು ಮನೆ ಮನೆಗೆ ಹೋಗುತ್ತಾರೆ. ಟೇಸು ಎಂದರೆ ಮೂರು ಕಡ್ಡಿಯ ಕಾಲಿನ ಮೇಲೆ ಮಣ್ಣಿನ ತಲೆಯ ಗೊಂಬೆ, ನಡುವೆ ದೀಪ. ಝಾಂಝಿ ಎಂದರೆ ಮೈತುಂಬ ತೂತಿರುವ ಮಡಕೆ, ಒಳಗೆ ಹಣತೆ. ಟೇಸುವನ್ನು ಮಹಾಭಾರತದ ಬರ್ಬರೀಕ ಎನ್ನುತ್ತಾರೆ. ಮಕ್ಕಳ ಹಾಡಿನಲ್ಲಿ ಅವನು ಬಾಗಿಲಲ್ಲಿ ಹಟ ಹಿಡಿದು ನಿಂತು ತಿನ್ನಲು ಕೇಳುತ್ತಾನೆ, ಕೊಡದೆ ಕದಲುವುದಿಲ್ಲ. ಹುಣ್ಣಿಮೆಯ ರಾತ್ರಿ ಟೇಸುವಿಗೂ ಝಾಂಝಿಗೂ ಮದುವೆ. ಕಣ್ಣು ಬಾಯಿ ಕೊರೆದ ಕುಂಬಳಕಾಯಿಯೊಳಗೆ ದೀಪ ಕಂಡು ನಾವು ಬೆರಗಾದೆವಲ್ಲ, ಅದೇ ತಿಂಗಳಲ್ಲಿ ಪಕ್ಕದ ಜಿಲ್ಲೆಗಳಲ್ಲಿ ತೂತುಮಡಕೆಯೊಳಗೆ ದೀಪ ಉರಿಯುತ್ತಿತ್ತು. ಪಂಜಾಬಿಗಳ ಲೋಹ್ರಿಯಲ್ಲೂ ಮಕ್ಕಳು ದುಲ್ಲಾ ಭಟ್ಟಿಯ ಹಾಡು ಹೇಳಿ ಮನೆ ಮನೆಯಿಂದ ರೇವಡಿ, ಕಡಲೆಕಾಯಿ, ಸೌದೆ ಎತ್ತುತ್ತಾರೆ.

ನೋಯ್ಡಾ ಹುಟ್ಟಿದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್ 17ರಂದು. ಹೆಸರೇ ಒಂದು ಪ್ರಾಧಿಕಾರದ ಸಂಕ್ಷೇಪ. ಯಮುನಾ, ಹಿಂಡನ್ ನದಿಗಳ ನಡುವಿನ ಹೊಲಗಳ ಮೇಲೆ ಸೆಕ್ಟರ್ ಎಳೆದರು. ಹರೋಲಾ, ಚೌಡಾ, ಅಟ್ಟಾ, ನಿಠಾರಿಯಂಥ ಊರುಗಳು ಸೆಕ್ಟರುಗಳ ಹೊಟ್ಟೆಯೊಳಗೆ ಹಾಗೇ ಉಳಿದುಕೊಂಡವು. ಅಟ್ಟಾ ಮಾರುಕಟ್ಟೆಯಲ್ಲೇ ಈಗ ಮಾಟಗಾತಿಯ ಟೋಪಿ ಸಿಗುವುದು. ಆಮೇಲೆ ಗಗನಚುಂಬಿ ಸೊಸೈಟಿಗಳು ಬಂದವು, ಗೋಡೆ ಬಂತು, ಗೋಡೆಗೆ ಗೇಟು, ಗೇಟಿಗೆ ಗಾರ್ಡು, ಗಾರ್ಡಿನ ಕೈಗೆ ಆ್ಯಪು. ಮೈಗೇಟ್ 2016ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಅದನ್ನು ಹೊಗಳಬೇಕೋ ಬೇಡವೋ ನನಗೆ ಇನ್ನೂ ಗೊತ್ತಾಗಿಲ್ಲ.

ಇಲ್ಲಿನ ಭಯ ಅಮೆರಿಕದ ಹಾಗೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 2006ರ ಡಿಸೆಂಬರ್ 29ರಂದು ಸೆಕ್ಟರ್ 31ರ ಒಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ಮಕ್ಕಳ ಅಸ್ಥಿಗಳು ಸಿಕ್ಕವು. ಪಕ್ಕದ ನಿಠಾರಿಯಿಂದ ಮಕ್ಕಳು ಕಾಣೆಯಾಗುತ್ತಲೇ ಇದ್ದರು. ಹೆತ್ತವರ ದೂರನ್ನು ಪೊಲೀಸರು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಕೆಳಗಿನ ಕೋರ್ಟು ಮರಣದಂಡನೆ ಕೊಟ್ಟಿತು, 2023ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಆರೋಪಿಗಳನ್ನು ಖುಲಾಸೆ ಮಾಡಿತು. ನಾನು ಬಂದಾಗ ಆ ಸುದ್ದಿಗೆ ಎರಡು ವರ್ಷವೂ ಆಗಿರಲಿಲ್ಲ. ಮನೆ ಬ್ರೋಕರ್ ಮೊದಲು ಹೇಳುತ್ತಿದ್ದ ಮಾತೇ ‘ಗೇಟೆಡ್ ಹೈ ಸರ್, ಸೇಫ್ ಹೈ’. ಆ ಭಯದ ಮೇಲೆಯೇ ನಮ್ಮ ಗೋಡೆಗಳು ಇನ್ನಷ್ಟು ಎತ್ತರವಾದವು. ಆದರೆ ನಿಠಾರಿಯಲ್ಲಿ ಸತ್ತವರು ಬಹುತೇಕ ಬಡ ವಲಸೆ ಕುಟುಂಬಗಳ ಮಕ್ಕಳು, ಅಡುಗೆ, ಕಸ, ಇಸ್ತ್ರಿ ಕೆಲಸಕ್ಕೆ ಬಂದವರ ಮಕ್ಕಳು. ಅವರಿಗಾದದ್ದನ್ನು ನೋಡಿ ನಾವು ಹೆದರಿ, ಅವರಂಥ ಮಕ್ಕಳು ಒಳಬರದ ಹಾಗೆ ಗೇಟು ಹಾಕಿಕೊಂಡೆವು.

ನಮ್ಮ ಸೊಸೈಟಿಯಲ್ಲಿ ಹ್ಯಾಲೋವೀನ್ ಶುರುವಾದದ್ದು 2015ರಲ್ಲಿ. ಯಾರೂ ಯೋಜನೆ ಹಾಕಿರಲಿಲ್ಲ. ಅಮೆರಿಕದಿಂದ ವಾಪಸ್ಸಾಗಿದ್ದ ಒಂದು ಸಂಸಾರದ ಇಬ್ಬರು ಮಕ್ಕಳು ಬೆಡ್‌ಶೀಟು ಹೊದ್ದು ತಮ್ಮ ಟವರಿನಲ್ಲಿ ಬೆಲ್ ಒತ್ತಿದರು, ಅಷ್ಟೇ. ಮುಂದಿನ ವರ್ಷ ಮೂವತ್ತು ಮಕ್ಕಳು, ಆಮೇಲೆ ಎಲ್ಲ ಟವರುಗಳೂ. ನನ್ನ ಮಗಳಿಗೆ ಐದು ವರ್ಷವಾದಾಗ ಅವಳ ಹಿಂದೆ ನಾನೂ ಹೋದೆ. ಹ್ಯಾಲೋವೀನ್ ಗೊತ್ತಿಲ್ಲದ ಅಜ್ಜ ಅಜ್ಜಿಯರು ಬಾಗಿಲು ತೆಗೆದು ಗಾಬರಿಯಾಗಿ, ಆಮೇಲೆ ನಕ್ಕು, ಫ್ರಿಜ್ಜಿನಿಂದ ಬರ್ಫಿ, ಡಬ್ಬಿಯಿಂದ ಮಠ್ರಿ, ಒಬ್ಬರಂತೂ ಬಾಳೆಹಣ್ಣು ಕೊಟ್ಟರು. ಹದಿನಾಲ್ಕನೆಯ ಮಹಡಿಯ ಬಂಗಾಳಿ ಆಂಟಿ, ನಿವೃತ್ತ ಟೀಚರ್, ಎಲ್ಲರಿಂದ ಒಂದೊಂದು ಪದ್ಯ ಹೇಳಿಸಿ ನಾರ್ಕೇಲ್ ನಾಡು ಎಂಬ ತೆಂಗಿನ ಉಂಡೆ ಕೊಟ್ಟರು. ನನ್ನ ಮಗಳು ಕನ್ನಡದ ಒಂದು ಶಿಶುಗೀತೆ ಹೇಳಿದಳು. ನಾಲ್ಕನೆಯ ಮನೆಯ ಅಜ್ಜಿ ಇಲ್ಲಿಗೆ ಯಾವಾಗ ಬಂದರು ಎನ್ನಿಸಿತು ನನಗೆ. ನಮ್ಮ ಟವರಿನ ತೊಂಬತ್ತೆರಡು ಫ್ಲಾಟುಗಳಲ್ಲಿ ನಾನು ಒಳಗೆ ಇಣುಕಿ ನೋಡಿರುವುದು ಹನ್ನೊಂದು. ಅದರಲ್ಲಿ ಒಂಬತ್ತು ಆ ಎರಡು ಮೂರು ಅಕ್ಟೋಬರುಗಳ ಲೆಕ್ಕ.

ದೂರುಗಳೂ ಬಂದವು, ಸುಳ್ಳಲ್ಲ. ಲಿಫ್ಟ್ ಜಾಮು. ಪರೀಕ್ಷೆ ಓದುವವರಿಗೆ ಕಿರಿಕಿರಿ. ಹೃದಯದ ಆಪರೇಷನ್ ಆದವರ ಮನೆಯ ಬೆಲ್ಲನ್ನು ಹದಿನೇಳು ಸಲ ಒತ್ತಿದ್ದು. ಕಡಲೆಕಾಯಿ ಅಲರ್ಜಿಯ ಮಗು. ನಮ್ಮ ಸಂಸ್ಕೃತಿಯಲ್ಲ ಎಂದು ವಾಟ್ಸಾಪಿನಲ್ಲಿ ಉದ್ದುದ್ದ ಬರೆದವರು. ಕೊಡದ ಮನೆಯ ಬಾಗಿಲಿಗೆ ಟೂತ್‌ಪೇಸ್ಟ್ ಮೆತ್ತಿದ ಹುಡುಗರ ಸಿಸಿಟೀವಿ ತುಣುಕು ಗ್ರೂಪಿನಲ್ಲಿ ಓಡಾಡಿತು. ಅನೋಕ, ಸಾಗರ ಎರಡೂ ಆಗ ನನಗೆ ಗೊತ್ತಿದ್ದರೆ ಆ ಹುಡುಗರ ಪರ ವಾದಿಸುತ್ತಿದ್ದೆ. 2020ರಲ್ಲಿ ಕೋವಿಡ್ ಎಲ್ಲ ಬಾಗಿಲನ್ನೂ ಮುಚ್ಚಿತು. 2022ರಲ್ಲಿ ಮತ್ತೆ ಶುರುಮಾಡೋಣ ಎಂದಾಗ ಲಾನಿನ ಪ್ರಸ್ತಾಪ ಇಟ್ಟವನು ನಾನೇ. ರಿಸ್ಕ್‌ಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಪರಿಹಾರ ಬರೆದು ತೋರಿಸಿದೆ. ಎಲ್ಲ ಸಾಲೂ ಹಸಿರು. ಸಭೆ ಚಪ್ಪಾಳೆ ತಟ್ಟಿತು.

ಲಾನಿನ ಹಬ್ಬದಲ್ಲಿ ಒಳ್ಳೆಯದೂ ಇದೆ. ಗಾಲಿಕುರ್ಚಿಯ ಹುಡುಗನೊಬ್ಬ ಮೊದಲ ಸಲ ಎಲ್ಲರ ಜೊತೆ ಸುತ್ತಿದ. ಪರಸ್ಪರ ಮಾತು ಬಿಟ್ಟಿದ್ದ ಎರಡು ಟವರುಗಳ ತಾಯಂದಿರು ಒಂದೇ ಮೇಜಿನ ಹಿಂದೆ ನಿಂತರು. ಸಿಹಿಯ ಪ್ಯಾಕೆಟ್ಟಿನ ಮೇಲೆ ಏನೇನಿದೆ ಎಂದು ಬರೆದಿರುತ್ತದೆ. ಯಾರೂ ಹಾಡಬೇಕಿಲ್ಲ, ನನ್ನಂಥ ಮಗ್ಗಿಯ ಮಕ್ಕಳಿಗೆ ಅದೊಂದು ನೆಮ್ಮದಿ ಇರಬಹುದು. ಹದಿನಾಲ್ಕನೆಯ ಮಹಡಿಯ ಆಂಟಿಯನ್ನು ನಾವೇ ಹೋಗಿ ಕೆಳಗೆ ಕರೆದೆವು. ಮಂಡಿನೋವು, ಬರಲಿಲ್ಲ. ರಾತ್ರಿ ಎಂಟೂವರೆಗೆ ಇಂಟರ್‌ಕಾಮ್‌ನಲ್ಲಿ ಕೇಳಿದರು, “ಬಚ್ಚೇ ಊಪರ್ ನಹೀ ಆಯೇಂಗೇ ಕ್ಯಾ?” ಇಲ್ಲ, ಈ ಸಲ ಕೆಳಗೇ ಎಂದೆ. ಅಚ್ಛಾ ಎಂದು ಇಟ್ಟರು.

ಕಳೆದ ವರ್ಷದ ಆ ಸಂಜೆ, ಮಗಳು ಪ್ರಶ್ನೆ ಕೇಳುವುದಕ್ಕೆ ಒಂದು ಗಂಟೆ ಮೊದಲು, ಇನ್ನೊಂದು ನಡೆದಿತ್ತು. ನೋಂದಣಿ ಮೇಜಿನಲ್ಲಿ ನಾನಿದ್ದೆ. ಫಾರ್ಮು ನನ್ನದೇ, ಹೆಸರು, ವಯಸ್ಸು, ಫ್ಲಾಟ್ ನಂಬರ್. ಮೂರನೆಯದಕ್ಕೆ ಕೆಂಪು ಚುಕ್ಕಿ, ತುಂಬದಿದ್ದರೆ ಮುಂದೆ ಹೋಗುವುದಿಲ್ಲ. ಕಾರ್ಯಕ್ರಮ ನಿವಾಸಿಗಳಿಗೆ ಮಾತ್ರ ಎಂಬುದು ಬಜೆಟ್ಟಿನ ಸಾಲು. ಎಂಟೊಂಬತ್ತು ವರ್ಷದ ಹುಡುಗನೊಬ್ಬ ಸಾಲಿನಲ್ಲಿ ಬಂದು ನಿಂತ. ಮುಖಕ್ಕೆ ಟಾಲ್ಕಂ ಪೌಡರ್ ಮೆತ್ತಿಕೊಂಡು ಭೂತವಾಗಿದ್ದ. ಅಲ್ಲಿದ್ದ ಎಲ್ಲ ವೇಷಗಳಲ್ಲೂ ಅದೊಂದೇ ಅಂಗಡಿಯದ್ದಲ್ಲ. ನನ್ನ ಪಕ್ಕದ ಸ್ವಯಂಸೇವಕಿ ತಲೆಯೆತ್ತದೆ ಕೇಳಿದಳು, “ಕೌನ್ಸಾ ಫ್ಲಾಟ್ ಬೇಟಾ?” ಅವನು ಒಂದು ಕ್ಷಣ ಯೋಚಿಸಿ, ಪಾಠ ಒಪ್ಪಿಸುವ ಹಾಗೆ ಹೇಳಿದ: ಒಂಬೈನೂರ ನಾಲ್ಕು, ಸಾವಿರದ ನೂರ ಎರಡು, ಹದಿನಾರು 03, ಇಪ್ಪತ್ತು 01. ಅವನ ಅಮ್ಮ ಅಡುಗೆಗೆ ಹೋಗುವ ಮನೆಗಳು. ಅವನ ಮಟ್ಟಿಗೆ ಪ್ರಶ್ನೆಗೆ ಸರಿಯಾದ ಉತ್ತರ.

ಸ್ವಯಂಸೇವಕಿ ನನ್ನ ಕಡೆ ನೋಡಿದಳು. ನಾನು 904 ಎಂದು ಬರೆದು ಕಾರ್ಡು ಕೊಟ್ಟೆ. ಅವನು ಹನ್ನೆರಡು ಮೇಜು ಸುತ್ತಿ, ಹನ್ನೆರಡು ಸೀಲು ಹಾಕಿಸಿಕೊಂಡು, ತುಂಬಿದ ಕಾರ್ಡನ್ನು ವಾಪಸ್ಸು ಕೊಡಬೇಕೆಂದು ತಿಳಿದು ನನ್ನ ಹತ್ತಿರ ತಂದ. ಇಟ್ಟುಕೋ ಎಂದೆ. ಆ ನಾಲ್ಕು ಮನೆಗಳ ಬೆಲ್ ಒತ್ತಿದ್ದರೆ ಬಾಗಿಲು ತೆಗೆಯುತ್ತಿದ್ದರೋ, ಗೇಟಿನ ಹತ್ತಿರ ಪೇಪರಿನಲ್ಲಿ ಕಟ್ಟಿ ಕೊಡುತ್ತಿದ್ದರೋ ನನಗೆ ತಿಳಿಯದು. ಅವನ ಅಮ್ಮ ಹೋಗುವ ಲಿಫ್ಟೇ ಬೇರೆ.

ಈ ವರ್ಷದ ಫಾರ್ಮು ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೂರನೆಯ ಕಾಲಮ್ಮಿನ ಕೆಂಪು ಚುಕ್ಕಿ ತೆಗೆಯಬೇಕು ಎಂದು ಸಭೆಯಲ್ಲಿ ಕೇಳಿದೆ. ಲೆಕ್ಕ ಸಿಗುವುದಿಲ್ಲ, ಹೊರಗಿನವರೆಲ್ಲ ಬಂದರೆ ಏನು ಮಾಡುವುದು ಎಂದು ಐದು ಜನ, ತೆಗೆಯಲಿ ಬಿಡಿ ಎಂದು ಮೂರು ಜನ. ಮನೆ ಮನೆಗೆ ಹೋಗುವ ಒಂದು ಗಂಟೆ ಮತ್ತೆ ಇಡೋಣ, ಒಪ್ಪುವವರು ಬಾಗಿಲಿಗೆ ಒಂದು ಸ್ಟಿಕ್ಕರ್ ಅಂಟಿಸಲಿ ಎಂಬ ನನ್ನ ಎರಡನೆಯ ಮಾತನ್ನು ಮುಂದಿನ ಸಭೆಗೆ ತಳ್ಳಿದ್ದಾರೆ. ಹದಿನಾಲ್ಕನೆಯ ಮಹಡಿಯ ಆಂಟಿ ಮಾತ್ರ ಸಭೆಗೆ ಕಾಯದೆ, ಸ್ಟಿಕ್ಕರ್ ಎಲ್ಲಿ ಸಿಗುತ್ತದೆ ಎಂದು ಈಗಾಗಲೇ ಎರಡು ಸಲ ಇಂಟರ್‌ಕಾಮ್ ಮಾಡಿದ್ದಾರೆ.